ಪರದೆಯ ಹಿಂದಿನ ಕ್ಷಮಾಪಣೆ

ಆ ಸಭಾಂಗಣದ ನೀಲಿ ಪರದೆ ಗಾಳಿಗೆ ಉಬ್ಬುತ್ತ ತಗ್ಗುತ್ತ, ನಿದ್ದೆ ಹೋದವರ ಎದೆಯಂತೆ ಉಸಿರಾಡುತ್ತಿತ್ತು. ಅದರ ಹಿಂದೆ ತಂಬೂರಿ ಶ್ರುತಿ ಮಾಡುತ್ತ ನಾನು ಕಳೆದ ಸಂಜೆಗಳೆಲ್ಲ ಈಗ ಒಂದೇ ಸಂಜೆಯಂತೆ ಕಾಣುತ್ತವೆ.

ನನ್ನ ಗುರು ಭಾಗೀರಥಮ್ಮನವರು ಹಾಡಿದರೆ ಊರು ಕಣ್ಣು ಮುಚ್ಚುತ್ತಿತ್ತು. ಹಾಡಿನ ನಡುವೆ ಅವರು ಮಾತಾಡಿದರೆ ಅದೇ ಊರು ಕಣ್ಣು ಕೆಂಪಗೆ ಮಾಡುತ್ತಿತ್ತು. ಒಮ್ಮೆ ಕಚೇರಿಯ ನಡುವೆ, ಮುಂದಿನ ಸಾಲಿನಲ್ಲಿದ್ದ ಭಜನಾ ಮಂಡಳಿಯವರನ್ನೇ ನೋಡುತ್ತ, "ನಿಮ್ಮಲ್ಲಿ ಭಕ್ತಿ ಜಾಸ್ತಿ, ಶ್ರುತಿ ಕಮ್ಮಿ. ದೇವರಿಗೂ ಕಿವಿ ಇದೆ ಕಣ್ರಮ್ಮ, ಸ್ವಲ್ಪ ಕನಿಕರ ಇರ್ಲಿ," ಎಂದುಬಿಟ್ಟರು. ಅರ್ಧ ಸಭೆ ಚಪ್ಪಾಳೆ ತಟ್ಟಿತು, ಅರ್ಧ ಎದ್ದು ಹೋಯಿತು. ಮಂಡಳಿಯ ಹಿರಿಯರಾದ ಕಮಲಾಬಾಯಿ ಮಾತ್ರ ತಲೆ ತಗ್ಗಿಸಿ ಕೊನೆಯವರೆಗೂ ಕೂತಿದ್ದರು.

ಅದಾದ ಮೂರನೆಯ ದಿನ ನನ್ನ ಸಹಪಾಠಿ ನಂದಿನಿಯ ಮೊದಲ ಕಚೇರಿ. ಹನ್ನೊಂದು ವರ್ಷದ ಪಾಠದ ಫಲ. ಭಾಗೀರಥಮ್ಮ ಮೈಕಿನಲ್ಲಿ ಕ್ಷಮೆ ಕೇಳದಿದ್ದರೆ ಅವರ ಶಿಷ್ಯರಿಗೆ ವೇದಿಕೆಯಿಲ್ಲವೆಂದು ಕಚೇರಿ ನಡೆಸುವ ಸಂಗೀತ ಸಭೆಯವರು ತೀರ್ಮಾನಿಸಿದರು. "ನಿಜ ಹೇಳಿದ್ದಕ್ಕೆ ಕ್ಷಮೆ ಬೇರೆ ಕೇಳ್ಬೇಕೇನೇ?" ಎಂದು ಗುರುಗಳು ಬಾಗಿಲು ಹಾಕಿಕೊಂಡರು. ನಂದಿನಿ ಅಳಲಿಲ್ಲ, ಉಟ್ಟ ಹೊಸ ಸೀರೆಯನ್ನು ಬಿಚ್ಚಲೂ ಇಲ್ಲ.

ಸಭೆಯ ಕಾರ್ಯದರ್ಶಿ ವೆಂಕಟಾಚಲಯ್ಯನವರದು ಕಾರ್ಯ ಕಮ್ಮಿ, ದರ್ಶನ ಜಾಸ್ತಿ. ಅಂದು ಮಾತ್ರ ನನ್ನ ಬಳಿಗೆ ಓಡಿಬಂದರು.

"ನೋಡಮ್ಮ, ನೀನು ಅವರ ಹಾಗೇ ಮಾತಾಡಿ ಎಲ್ಲರನ್ನೂ ನಗಿಸ್ತೀಯಲ್ಲ. ಪರದೆ ಹಿಂದೆ ನಿಂತು ಮೈಕಲ್ಲಿ ಎರಡೇ ಎರಡು ಮಾತು. ಯಾರಿಗೆ ಗೊತ್ತಾಗತ್ತೆ?"

"ಗೊತ್ತಾದ್ರೆ ನನ್ನ ಚರ್ಮ ಮೃದಂಗಕ್ಕೆ ಹೋಗತ್ತೆ, ಸಾರ್."

"ಹೋಗ್ಲಿ ಬಿಡು, ನಾದ ಚೆನ್ನಾಗಿರತ್ತೆ."

ನಂದಿನಿಯ ಮುಖ ನೋಡಿ ಒಪ್ಪಿದೆ.

ಪರದೆ ನನ್ನ ಮೂಗಿನ ತುದಿಗೆ ತಾಗಿ ಹಿಂದೆ ಸರಿಯುತ್ತಿತ್ತು. ಬಾಯಿ ತೆರೆದೆ, ಧ್ವನಿ ಬರಲಿಲ್ಲ. ಅವರ ಬೈಗುಳ, ಕೆಮ್ಮು, ವ್ಯಂಗ್ಯದ ನಗು ಎಲ್ಲ ನನಗೆ ಕರಗತ. ಆದರೆ ಅವರು 'ತಪ್ಪಾಯ್ತು' ಎಂದದ್ದನ್ನು ನಾನು ಕೇಳಿರಲೇ ಇಲ್ಲ. ಕೇಳದ್ದನ್ನು ಅನುಕರಿಸುವುದು ಹೇಗೆ? ಕೊನೆಗೆ, ಪಾಠದಲ್ಲಿ ಅವರು ನಂದಿನಿಯನ್ನು ಮೆಚ್ಚಿ "ಇನ್ನೊಂದ್ಸಲ ಹಾಡೇ ಮಗಳೇ" ಎನ್ನುತ್ತಿದ್ದ ಆ ಮೆತ್ತನೆಯ ದನಿಯನ್ನೇ ಎರವಲು ಪಡೆದು, "ನನ್ನಿಂದ ತಪ್ಪಾಯ್ತು, ಕ್ಷಮಿಸಿ," ಎಂದೆ. ಜೇನಿನಂಥ ದನಿ; ಶ್ರುತಿ ಕೂದಲೆಳೆಯಷ್ಟೂ ಸರಿಯಲಿಲ್ಲ.

ಆದರೂ ಯಾರೂ ಚಪ್ಪಾಳೆ ತಟ್ಟಲಿಲ್ಲ. ಪರದೆಯ ಸಂದಿಯಿಂದ ಇಣುಕಿದೆ. ಎಲ್ಲರೂ ಹಿಂದಕ್ಕೆ ತಿರುಗಿದ್ದರು. ಕೊನೆಯ ಸಾಲಿನಲ್ಲಿ, ತಲೆಯ ಮೇಲೆ ಸೆರಗು ಹೊದ್ದು, ತುಟಿ ಬಿಗಿದು ಭಾಗೀರಥಮ್ಮ ಕೂತಿದ್ದರು. ನಂದಿನಿಯನ್ನು ವೇದಿಕೆಗೆ ಬಿಡುತ್ತಾರೋ ಇಲ್ಲವೋ ನೋಡಲು ಬಂದಿದ್ದರಂತೆ.

ಅವರು ನಿಧಾನವಾಗಿ ಎದ್ದರು. "ಒಳಗಿರೋ ಕೋತಿ ಚೆನ್ನಾಗಿ ಹೇಳ್ತು. ಆದ್ರೆ ಅದು ನಾನಲ್ಲ."

ನಂದಿನಿ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

"ಶ್ರುತಿ ವಿಚಾರ ನಾನು ಹೇಳಿದ್ದು ನಿಜ. ವಾಪಸ್ ತಗೊಳ್ಳಲ್ಲ," ಎಂದು ಅವರು ಮುಂದಿನ ಸಾಲಿನವರೆಗೂ ನಡೆದುಬಂದರು. "ಆದ್ರೆ ಅಷ್ಟು ಜನರ ಮುಂದೆ ನಿಮ್ಮನ್ನ ನಗೆಪಾಟಲು ಮಾಡಿದ್ನಲ್ಲ... ಕಮಲಾಬಾಯಿ, ಅದು... ತಪ್ಪಾಯ್ತು."

ಆ ಮಾತು ನಡುವೆಯೇ ಒಡೆಯಿತು. ಇಡೀ ಬಾಳಿನಲ್ಲಿ ಒಂದು ಸ್ವರವನ್ನೂ ಜಾರಬಿಡದಿದ್ದ ಗಂಟಲು ಎಲ್ಲೆಲ್ಲೋ ಜಾರಿ, ಒಣಗಿ ನಿಂತಿತು. ನನ್ನ ದನಿಗೂ ಅದಕ್ಕೂ ಯಾವ ಹೋಲಿಕೆಯೂ ಇರಲಿಲ್ಲ. ಮುಂದೆ ನಾನು ಯಾರ್ಯಾರನ್ನೋ ಅನುಕರಿಸಿದ್ದೇನೆ. ಆ ಒಂದು ಮಾತನ್ನು ಮಾತ್ರ ಎಂದೂ ಪ್ರಯತ್ನಿಸಿಲ್ಲ.

ಕಮಲಾಬಾಯಿ ಪಕ್ಕಕ್ಕೆ ಸರಿದು ಜಾಗ ಮಾಡಿದರು. "ಕೂತ್ಕೊಳ್ಳಿ. ಹುಡುಗಿ ಹಾಡ್ಲಿ."

ನಂದಿನಿ ಹಾಡಿದಳು. ಕಿಟಕಿಯ ಸಂಜೆಬೆಳಕಿನಲ್ಲಿ ಕಮಲಾಬಾಯಿ ತನ್ಮಯರಾಗಿ, ಪ್ರತಿ ಸಲವೂ ಒಂದು ಚೂರು ತಡವಾಗಿ ತಾಳ ಹಾಕುತ್ತಿದ್ದರು. ಪಕ್ಕದಲ್ಲಿ ಭಾಗೀರಥಮ್ಮ, ತಾಳಕ್ಕೆ ಏಳಹೊರಟ ಬಲಗೈಯನ್ನು ಮಡಿಲಲ್ಲೇ ಎಡಗೈಯಿಂದ ಬಿಗಿಯಾಗಿ ಹಿಡಿದುಕೊಂಡು ಸುಮ್ಮನೆ ಕೂತಿದ್ದರು.