ಒಂದೇ ಥಾನಿನ ಫ್ರಾಕುಗಳು

ಕತ್ತರಿ ಕೈಗೆ ಬಂದರೆ ನನ್ನ ಅತ್ತೆಯ ಕಿವಿಗೆ ಯಾರ ಮಾತೂ ಬೀಳುವುದಿಲ್ಲ. ಕತ್ತರಿ ಇಲ್ಲದಾಗಲೂ ಬೀಳುವುದಿಲ್ಲ ಅನ್ನಿ, ಆದರೆ ಆಗ ಕಡೇಪಕ್ಷ ಕೇಳಿಸಿಕೊಂಡಂತೆ ನಟಿಸುತ್ತಾರೆ. ನಾವಿಬ್ಬರೂ ಸೇರಿ ಒಂದು ಟೈಲರ್ ಅಂಗಡಿ ನಡೆಸುತ್ತೇವೆ. ಬಟ್ಟೆ ಕತ್ತರಿಸುವುದು ಅವರು, ಹೊಲಿಯುವುದು ನಾನು, ಗಿರಾಕಿಗಳಿಂದ ಬೈಸಿಕೊಳ್ಳುವುದೂ ನಾನೇ.

ನಮ್ಮ ಬೀದಿಯ ತುದಿಯಲ್ಲಿ ಒಂದು ಮಕ್ಕಳ ಮನೆ ಇದೆ. ಹೆತ್ತವರಿಲ್ಲದ ಹೆಣ್ಣುಮಕ್ಕಳು, ಹೆತ್ತವರಿದ್ದೂ ಸಾಕಲಾಗದೆ ಬಿಟ್ಟುಹೋದ ಹೆಣ್ಣುಮಕ್ಕಳು ಅಲ್ಲಿ ಬೆಳೆಯುತ್ತಾರೆ. ಅದರ ಖರ್ಚಿಗೆ ಹಣ ಕೂಡಿಸಲು ವರ್ಷಕ್ಕೊಮ್ಮೆ ಹಾಡಿನ ಕಾರ್ಯಕ್ರಮ ನಡೆಯುತ್ತದೆ. ದಾನಿಗಳು ಬಂದು ಮುಂದಿನ ಸಾಲಿನಲ್ಲಿ ಕೂರುತ್ತಾರೆ, ಮಕ್ಕಳು ಅತ್ತೆ ಕೊಟ್ಟ ಹೊಸ ಫ್ರಾಕು ತೊಟ್ಟು ಹಾಡುತ್ತಾರೆ, ಮೈಕಿನಲ್ಲಿ ಅತ್ತೆಯ ಹೆಸರು ಕೂಗುತ್ತಾರೆ. ಆಗ ಅತ್ತೆ ಸಂಕೋಚದಿಂದ ನೆಲ ನೋಡುತ್ತಾರೆ. ಕೂಗದೇ ಬಿಟ್ಟರೆ ಏನಾದೀತೆಂದು ಪರೀಕ್ಷಿಸುವ ಧೈರ್ಯ ಈವರೆಗೆ ಯಾರಿಗೂ ಬಂದಿಲ್ಲ.

ಈ ಫ್ರಾಕುಗಳ ವಿಷಯದಲ್ಲಿ ಅತ್ತೆಯದು ಒಂದೇ ಕಾನೂನು. ಒಂದೇ ಥಾನು, ಒಂದೇ ಅಚ್ಚು. ಬಟ್ಟೆಯನ್ನು ಪದರ ಪದರವಾಗಿ ಹಾಸಿ, ಮೇಲೆ ರಟ್ಟಿನ ಅಚ್ಚಿಟ್ಟು, ಕತ್ತರಿ ಆಡಿಸಿದರೆ ಒಂದೇ ಸಲಕ್ಕೆ ಒಂದು ರಾಶಿ ಫ್ರಾಕು. ಅಳತೆಯಲ್ಲಿ ಚಿಕ್ಕದು, ದೊಡ್ಡದು ಎಂಬ ಎರಡೇ ಜಾತಿ. ಒಬ್ಬಳಿಗೆ ಕೆಂಪು, ಇನ್ನೊಬ್ಬಳಿಗೆ ಹಸಿರು ಕೊಟ್ಟರೆ ಜುಟ್ಟು ಹಿಡಿದು ಜಗಳವಾಡುತ್ತಾರೆ ಎನ್ನುವುದು ಅವರ ವಾದ. ಈ ವರ್ಷ ನೀಲಿ ಚೌಕಳಿ. ಉಳಿದ ಬಟ್ಟೆಯಲ್ಲಿ ನಮ್ಮ ಮನೆಯ ದಿಂಬುಗಳಿಗೆ ಚೀಲ ಬಂತು, ನನ್ನ ಗಂಡನಿಗೊಂದು ಚಡ್ಡಿಯೂ ಬಂತು. ಅವರು ದಿಂಬಿಗೆ ಒರಗಿ ಕೂತರೆ ಎರಡನ್ನೂ ಬೇರೆ ಮಾಡಿ ನೋಡುವುದು ಕಷ್ಟ.

ಕಾರ್ಯಕ್ರಮದ ದಿನ ಬೆಳಿಗ್ಗೆ ಮಾತಿನಮಲ್ಲಿ ಅಂಗಡಿಗೆ ಬಂದಳು. ಮಕ್ಕಳ ಮನೆಯ ಮೇಡಂ ದಾರ ತರಲು ಕಳಿಸುವುದು ಇವಳನ್ನೇ. ಬಂದರೆ ನನ್ನ ಮೆಷಿನ್ನಿಗಿಂತ ಜೋರಾಗಿ ಓಡುವ ಬಾಯಿ. ಅದಕ್ಕೇ ನಾನು ಆ ಹೆಸರಿಟ್ಟದ್ದು. ಅವತ್ತು ಮಾತ್ರ ತುಟಿ ಬಿಚ್ಚದೆ, ಮಡಿಸಿದ ಫ್ರಾಕನ್ನು ಮೇಜಿನ ಮೇಲಿಟ್ಟು ನಿಂತಳು. ಬಿಗಿಯಾಯಿತೇ, ಹೊಲಿಗೆ ಬಿಟ್ಟಿತೇ ಎಂದು ಅತ್ತೆ ಕೇಳಿದರು. ಎಲ್ಲಕ್ಕೂ ತಲೆಯಾಡಿಸಿ ಇಲ್ಲವೆಂದಳು.

"ಇವತ್ತು ಅಮ್ಮ ಬರ್ತಿದ್ದಾಳೆ ಅಜ್ಜಿ. ನನ್ನ ನೋಡಿ ಮೂರು ವರ್ಷ ಆಯ್ತು. ಹಾಡು ಮುಗಿದ ತಕ್ಷಣ ಬಸ್ಸಿಗೆ ಓಡ್ಬೇಕಂತೆ. ಎಲ್ರೂ ಒಂದೇ ಥರ ಇದ್ರೆ ನಾನು ಯಾರು ಅಂತ ಅವಳಿಗೆ ಹೇಗೆ ಗೊತ್ತಾಗುತ್ತೆ?"

ಮೆಷಿನ್ ತುಳಿಯುತ್ತಿದ್ದ ನನ್ನ ಕಾಲು ನಿಂತಿತು. ಅತ್ತೆಯ ಕತ್ತರಿ ನಿಲ್ಲಲಿಲ್ಲ. ಹೆತ್ತವಳಿಗೆ ಮಗಳ ಗುರುತು ಸಿಗದೆ ಇರುತ್ತದೆಯೇ, ಸುಮ್ಮನೆ ಹಾಕಿಕೊಂಡು ಹೋಗು ಎಂದು ಗದರಿದರು. ಹುಡುಗಿ ಹೋದಳು, ಫ್ರಾಕು ಅಲ್ಲೇ ಉಳಿಯಿತು.

ಎಷ್ಟೋ ವರ್ಷಗಳಿಂದ ನುಂಗಿಕೊಂಡಿದ್ದ ಸಿಟ್ಟೆಲ್ಲ ಆಗ ನನಗೆ ನೆತ್ತಿಗೇರಿತು.

"ಅತ್ತೆ, ದಿಂಬಿನ ಅಳತೆನಾದ್ರೂ ತೊಗೊಂಡ್ರಿ ನೀವು. ಆ ಮಕ್ಕಳಲ್ಲಿ ಒಬ್ಬಳ ಅಳತೆ ಯಾವತ್ತಾದ್ರೂ ತೊಗೊಂಡಿದ್ದೀರಾ?"

ಅತ್ತೆ ನನ್ನನ್ನು ದುರುಗುಟ್ಟಿ ನೋಡಿದರು. ಆಮೇಲೆ ಫ್ರಾಕನ್ನು ಎತ್ತಿ, ತಿರುಗಿಸಿ ಮುರುಗಿಸಿ ನೋಡಿದರು. ಕೊನೆಗೆ ಮೂಲೆಯಲ್ಲಿದ್ದ ತುಂಡು ಬಟ್ಟೆಗಳ ಮೂಟೆಯನ್ನು ಎಳೆದು ನನ್ನ ತಲೆಯ ಮೇಲೆ ಹೊರಿಸಿ, ಆ ಫ್ರಾಕನ್ನು ಕಂಕುಳಲ್ಲಿಟ್ಟು, ಟೇಪನ್ನು ಕೊರಳಿಗೆ ಹಾಕಿಕೊಂಡು ಮಕ್ಕಳ ಮನೆಯ ದಾರಿ ಹಿಡಿದರು. ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳುವ ಪೈಕಿಯಲ್ಲ ಅವರು.

ಮೂಟೆಯನ್ನು ಅಂಗಳದಲ್ಲಿ ಸುರಿದು, ಯಾರ ಫ್ರಾಕಿಗೆ ಯಾವ ಬಣ್ಣದ ಕಾಲರ್ ಬೇಕೋ ಆರಿಸಿಕೊಳ್ಳಿ ಎಂದರು. ಅವರು ಹೇಳಿದ್ದ ಹಾಗೇ ಆಯಿತು. ಒಂದು ಕೆಂಪು ತುಂಡಿಗಾಗಿ ಇಬ್ಬರು ಜುಟ್ಟು ಹಿಡಿದುಕೊಂಡರು. ಅತ್ತೆ ಅವರನ್ನು ಬಿಡಿಸುತ್ತಾ ಒಬ್ಬೊಬ್ಬಳ ಕತ್ತಿನ ಅಳತೆ ತೆಗೆದರು. ನಾನು ಮೇಡಂ ಕೊಟ್ಟ ಹಳೇ ಮೆಷಿನ್ ತುಳಿದೂ ತುಳಿದೂ ಕಾಲು ಜೋಮು ಹಿಡಿಸಿಕೊಂಡೆ. ಮಾತಿನಮಲ್ಲಿ ಆರಿಸಿದ್ದು ಹಳದಿ ರೇಷ್ಮೆ. ಅದು ಯಾವ ಗಿರಾಕಿಯ ಬಟ್ಟೆಯಲ್ಲಿ ಉಳಿದದ್ದೆಂದು ಇಲ್ಲಿ ಹೇಳಿದರೆ ನಮ್ಮ ಅಂಗಡಿ ಮುಚ್ಚಬೇಕಾಗುತ್ತದೆ.

ಸಂಜೆ ಹಾಡು ಶುರುವಾದರೂ ಅವಳ ಅಮ್ಮ ಬಂದಿರಲಿಲ್ಲ. ಅತ್ತೆ ಮುಂದಿನ ಸಾಲಿನ ಕುರ್ಚಿ ಬಿಟ್ಟು ಬಾಗಿಲ ಬಳಿ ಕಾದು ನಿಂತರು, ನಾನೂ ನಿಂತೆ. ಮೈಕಿನಲ್ಲಿ ಅತ್ತೆಯ ಹೆಸರು ಕೂಗಿದಾಗ ಅವರು ಬೀದಿ ನೋಡುತ್ತಿದ್ದರು.

ಕೊನೆಯ ಹಾಡಿನ ಹೊತ್ತಿಗೆ ಒಬ್ಬಳು ಹೆಂಗಸು ಏದುಸಿರು ಬಿಡುತ್ತಾ ಒಳಗೆ ಬಂದಳು. ವೇದಿಕೆ ಕಡೆ ಕತ್ತು ಚಾಚಿ, ಮುಂದಿನ ಸಾಲಿನ ಪುಟ್ಟ ಮಕ್ಕಳ ಮುಖವನ್ನು ಒಂದೊಂದಾಗಿ ನೋಡಿದಳು. ಸಾಲು ಮುಗಿಯಿತು. ಮತ್ತೆ ಮೊದಲಿನಿಂದ ನೋಡಿದಳು. ಅವಳ ಮುಖ ಸಣ್ಣಗಾಯಿತು. ಏನಾಗುತ್ತಿದೆಯೆಂದು ನನಗಿಂತ ಮೊದಲು ಅತ್ತೆಗೆ ಹೊಳೆಯಿತು. ಅವಳ ಭುಜ ಹಿಡಿದು ಮೆಲ್ಲಗೆ ಹೇಳಿದರು.

"ಅಲ್ಲಲ್ಲಮ್ಮ. ಹಿಂದಿನ ಸಾಲು ನೋಡು, ದೊಡ್ಡವರು ನಿಂತಿರೋದು. ಹಳದಿ ಕಾಲರ್."

ಅವಳ ಕಣ್ಣು ಮೇಲೇರಿತು. ಅಲ್ಲಿ ಮಾತಿನಮಲ್ಲಿ ಹಾಡು ಮರೆತು, ಬಾಯಿ ತೆರೆದು, ಇತ್ತಲೇ ನೋಡುತ್ತಾ ನಿಂತಿದ್ದಳು. ತಾಯಿ ಅತ್ತೆಯ ಕಡೆ ತಿರುಗಿ, ತನ್ನ ಸೊಂಟದ ಹತ್ತಿರ ಅಂಗೈ ಹಿಡಿದು ತೋರಿಸಿದಳು.

"ಇಷ್ಟೇ ಇದ್ಲು," ಎಂದಳು.