ಉಮಾಮಹೇಶ್ವರಿಯ ಎಡ ಕಿಡ್ನಿ

ಇಲಿಯಿಂದ ಶುರು ಮಾಡಲೇ, ಗಂಡನಿಂದಲೇ?

ಇಲಿಯಿಂದ ಶುರು ಮಾಡಿದರೆ ನೀವು ಎರಡನೇ ಪ್ಯಾರಾದಲ್ಲೇ ಪುಟ ತಿರುಗಿಸುತ್ತೀರಿ, ಗೊತ್ತು. ಗಂಡನಿಂದ ಶುರು ಮಾಡಿದರೆ ಸಂಜೆಯ ಸೀರಿಯಲ್ ಆಗುತ್ತದೆ. ನಾನೋ ಮರ್ಯಾದಸ್ಥ ಲೇಖಕ. (ನಗಬೇಡಿ. ಎರಡು ಪುಸ್ತಕ ಬಂದಿವೆ, ಪ್ರತಿಗಳೆಲ್ಲ ನಮ್ಮ ಮನೆಯ ಮಂಚದ ಕೆಳಗೇ ಇವೆ.) ಆದ್ದರಿಂದ ಇಲಿ.

೧

ಬನಶಂಕರಿಯ ಒಂದು ಲ್ಯಾಬಿನಲ್ಲಿ ಉಮಾಮಹೇಶ್ವರಿ ಇಲಿಯ ಪ್ರಜ್ಞೆ ತಪ್ಪಿಸಿ, ಹೊಟ್ಟೆ ಕೊಯ್ದು, ಕಿಡ್ನಿಗೆ ಹೋಗುವ ರಕ್ತನಾಳಕ್ಕೆ ಪುಟ್ಟದೊಂದು ಕ್ಲಿಪ್ ಹಾಕುತ್ತಾಳೆ. ಸ್ವಲ್ಪ ಹೊತ್ತಿಗೆ ಕಿಡ್ನಿ ಕಪ್ಪಿಡುತ್ತದೆ. ಆಮೇಲೆ ಕ್ಲಿಪ್ ತೆಗೆಯುತ್ತಾಳೆ. ರಕ್ತ ಹರಿಯುತ್ತದೆ, ಬಣ್ಣ ಮರಳುತ್ತದೆ, ನೋಡಿದವರು ಸದ್ಯ ಉಳಿಯಿತು ಅಂದುಕೊಳ್ಳುತ್ತಾರೆ. ಉಳಿದಿರುವುದಿಲ್ಲ. ಅಷ್ಟು ಹೊತ್ತು ಉಸಿರು ಕಟ್ಟಿ ಕೂತಿದ್ದ ಜೀವಕೋಶಗಳ ಮೇಲೆ ಆಕ್ಸಿಜನ್ ಒಮ್ಮೆಲೇ ನುಗ್ಗಿ ಅವನ್ನು ಒಳಗಿನಿಂದ ಸುಡುತ್ತದೆ. ಕಬ್ಬಿಣಕ್ಕೆ ತುಕ್ಕು ಹಿಡಿಸುವ ಆಕ್ಸಿಜನ್ನೇ, ಇಲ್ಲಿ ಅವಸರ ಜಾಸ್ತಿ. ರಕ್ತ ನಿಂತಾಗ ಆದ ಹಾನಿಯ ಮೇಲೆ ಅದು ವಾಪಸ್ ಬಂದಾಗಿನ ಹಾನಿ. ಇದನ್ನು ತಡೆಯುವುದು ಹೇಗೆ ಎಂಬುದೇ ಅವಳ ಸಂಶೋಧನೆ.

ಇದನ್ನು ಕೇಳಿ ನನಗೆ ಜೊಲ್ಲು ಸುರಿಯಿತು. ಏಕೆಂದರೆ ನನ್ನ ಕಥೆಯಲ್ಲಿ ವಾಪಸ್ ಬಂದ ಗಂಡನೊಬ್ಬನಿದ್ದ.

೨

ಭೀಮೇಶ್. ಹೊಸಕೆರೆಹಳ್ಳಿಯ ಹಳೇ ಮನೆತನ. ಅಜ್ಜ ರಾಗಿ ಬೆಳೆದ ಹೊಲದ ಮೇಲೆ ಈಗ ಬಾಡಿಗೆ ಮನೆಗಳಿವೆ. ಮದುವೆಯಾಗಿ ಕೆಲವು ವರ್ಷಕ್ಕೆ ಉಮಾಳನ್ನು ಬಿಟ್ಟು ಜೆ.ಪಿ. ನಗರದಲ್ಲಿ ಇನ್ನೊಬ್ಬಳ ಜೊತೆ ಸಂಸಾರ ಹೂಡಿದ. ಉಮಾ ಕತ್ರಿಗುಪ್ಪೆಯಲ್ಲಿ ಸಣ್ಣ ಮನೆ ಹಿಡಿದಳು. ಡೈವೋರ್ಸ್ ಮಾತೆತ್ತಿದಾಗ ಅತ್ತೆ ಲಕ್ಷ್ಮಿದೇವಮ್ಮ ಬೇಡವೆಂದರು. ಹೆಸರಿಗಾದರೂ ಗಂಡ ಅಂತ ಒಬ್ಬ ಇರಲಿ, ಹೆಣ್ಣುಮಗಳಿಗೆ ಅದೊಂದು ನೆರಳು ಎಂದರು. ತವರಿನವರೂ ಅದಕ್ಕೇ ತಲೆಯಾಡಿಸಿದರು. ಮದುವೆ ಕಾಗದದಲ್ಲಿ ಹಾಗೇ ಉಳಿಯಿತು.

ಹತ್ತು ವರ್ಷದ ಮೇಲೆ ಭೀಮೇಶನ ಎರಡೂ ಕಿಡ್ನಿ ಕೈಕೊಟ್ಟವು. ಡಯಾಲಿಸಿಸ್ ಶುರುವಾಯಿತು. ತಾಯಿಗೆ ಸಕ್ಕರೆ ಕಾಯಿಲೆ, ಅವರದು ಆಗದು. ಜೆ.ಪಿ. ನಗರದವಳು ತಾನು ಕೊಡುತ್ತೇನೆಂದಳು. (ಅವಳನ್ನು ಕೆಟ್ಟವಳನ್ನಾಗಿ ಮಾಡಲು ಬಹಳ ಪ್ರಯತ್ನಪಟ್ಟೆ, ಆಗಲಿಲ್ಲ.) ಆದರೆ ಕಾನೂನಿನ ಕಣ್ಣಿಗೆ ಅವಳು ಯಾರೂ ಅಲ್ಲ. ಹೊರಗಿನವರು ಕೊಡಬೇಕಾದರೆ ಸಮಿತಿಯ ಮುಂದೆ ನಿಂತು ಒಪ್ಪಿಸಬೇಕು, ಒಪ್ಪಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಹೆಂಡತಿಯಾದರೆ ಹತ್ತಿರದ ಸಂಬಂಧಿ, ಅಷ್ಟು ತಾಪತ್ರಯವಿಲ್ಲ.

ಹೀಗೆ ಆ ಹೆಸರಿನ ನೆರಳು ಒಂದು ಭಾನುವಾರ ತಾಯಿಯ ಜೊತೆ ಕತ್ರಿಗುಪ್ಪೆಗೆ ಬಂದು ಸೋಫಾದ ಮೇಲೆ ಕೂತಿತು. ಭೀಮೇಶನ ಕಾಲುಗಳು ಊದಿಕೊಂಡಿದ್ದವು. ದೇವರು ಎರಡು ಕೊಟ್ಟಿದ್ದಾನಲ್ಲ, ಒಂದು ಸಾಕು ಎಂದರು ಲಕ್ಷ್ಮಿದೇವಮ್ಮ. ಸಾಮಾನ್ಯವಾಗಿ ಎಡದ್ದನ್ನು ತೆಗೆಯುತ್ತಾರೆ, ಅದರ ರಕ್ತನಾಳ ಉದ್ದ, ಹೊಲಿಯಲು ಸುಲಭ ಎಂದಷ್ಟೇ ಉಮಾ ಹೇಳಿದಳು. ಭೀಮೇಶನಿಗೆ ಕಾಫಿ ಕೊಡಲಿಲ್ಲ. ಡಯಾಲಿಸಿಸ್‌ನವರು ನೀರನ್ನೂ ಅಳೆದು ಕುಡಿಯಬೇಕೆಂದು ಅವಳಿಗೆ ಗೊತ್ತಿತ್ತು. ಅತ್ತೆ ಅದನ್ನು ಕೊಬ್ಬು ಎಂದುಕೊಂಡರು.

೨ (ಮತ್ತೆ)

ನಾನು ಬರೆದೆ: ‘ವರ್ಷಗಳಿಂದ ಬತ್ತಿದ್ದ ಅವಳ ಬಾಳಿನೊಳಕ್ಕೆ ರಕ್ತ ಮರಳಿ ನುಗ್ಗಿ...’ ಅದನ್ನು ಓದಿದ ಉಮಾ ಕನ್ನಡಕ ತೆಗೆದು ನನ್ನನ್ನೇ ನೋಡಿದಳು.

“ಸಾರ್, ಜೀವಕೋಶಕ್ಕೆ ಆಕ್ಸಿಜನ್ ಬೇಕೇ ಬೇಕು. ನಂಗೆ ಇವ್ರು ಬೇಕಾಗಿರ್ಲಿಲ್ಲ. ನಿಮ್ ಹೋಲಿಕೆ ಕೂರಲ್ಲ.”

ಹೊಡೆದು ಹಾಕಿದೆ. ಅಷ್ಟು ಚೆಂದದ ಸಾಲು, ಹೊಟ್ಟೆ ಉರಿಯಿತು.

೪

(ಮೂರನ್ನು ಹರಿದೆ. ಅದರಲ್ಲಿ ಅವಳು ಕಿಡ್ನಿ ಕೊಟ್ಟಿದ್ದಳು, ಭೀಮೇಶ್ ಆಸ್ಪತ್ರೆಯ ಮಂಚದಲ್ಲಿ ಅವಳ ಕೈ ಹಿಡಿದು ಅಳುತ್ತಿದ್ದ. ಓದಿದ ಗೆಳೆಯನೂ ಕಣ್ಣೊರೆಸಿಕೊಂಡ. ಆಗಲೇ ಅನುಮಾನ ಬಂತು.)

ನಾಲ್ಕರಲ್ಲಿ ಅವಳು ಮುಖದ ಮೇಲೆ ಬಾಗಿಲು ಹಾಕುತ್ತಾಳೆ. ನೀವು ಚಪ್ಪಾಳೆ ಹೊಡೆಯುತ್ತೀರಿ, ಭೀಮೇಶ್ ಸಾಯುತ್ತಾನೆ. ಬರೆಯಲು ಸಖತ್ ಖುಷಿಯಾಯಿತು. ಉಮಾ ಒಪ್ಪಲಿಲ್ಲ. ಚಪ್ಪಾಳೆ ಹೊಡೆದವರು ಪುಸ್ತಕ ಮುಚ್ಚಿ ಮಲಗುತ್ತಾರೆ, ಹೊಸಕೆರೆಹಳ್ಳಿಯವರು ಹೆಣದ ಮುಂದೆ ನಿಂತು ತನ್ನ ಹೆಸರು ಹೇಳುತ್ತಾರೆ ಎಂದಳು.

“ಕೊಡೋಕ್ ಇಷ್ಟ ಇಲ್ಲ ಸಾರ್. ಸಾಯ್ಸೋಕೂ ಇಷ್ಟ ಇಲ್ಲ. ಇದಕ್ಕೆ ನಿಮ್ಮತ್ರ ಏನಾದ್ರೂ ಇದ್ಯಾ?”

ಇರಲಿಲ್ಲ. ಕಥೆಗಾರನ ಹತ್ತಿರ ಇರುವುದು ಸಾವು ಅಥವಾ ಕಣ್ಣೀರು, ಎರಡರಲ್ಲಿ ಒಂದು.

೫

ಆಸ್ಪತ್ರೆಯಲ್ಲಿ ಒಂದು ಪದ್ಧತಿ ಇದೆಯೆಂದು ಆಮೇಲೆ ತಿಳಿಯಿತು. ಟೆಸ್ಟುಗಳು ಮುಗಿದ ಮೇಲೆ ಕಿಡ್ನಿ ಕೊಡುವವರನ್ನು ಒಬ್ಬರನ್ನೇ ಒಳಗೆ ಕರೆದು, ಬಲವಂತವಿದೆಯೇ ಎಂದು ಡಾಕ್ಟರು ಕೇಳುತ್ತಾರೆ. ಇಷ್ಟವಿಲ್ಲ ಎಂದರೆ, ಹೊರಗೆ ಕಾಯುವವರಿಗೆ ‘ಇವರದು ಆಗುವುದಿಲ್ಲ’ ಎಂದಷ್ಟೇ ಹೇಳಿ ಕಳಿಸುವ ಡಾಕ್ಟರುಗಳಿದ್ದಾರೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. (ಇಲ್ಲಿ ಹಾವು ಯಾರು ಎಂದು ಕೇಳಬೇಡಿ.) ಕಥೆ ಮುಗಿದೇಹೋಯಿತೆಂದು ಅವತ್ತು ಮಸಾಲೆ ದೋಸೆ ತಿಂದು ಬಂದೆ.

ಜಯನಗರದ ಆಸ್ಪತ್ರೆ, ಹೆಸರು ಬೇಡ. ಉಮಾಳ ಟೆಸ್ಟುಗಳೆಲ್ಲ ಮುಗಿದಿದ್ದವು. ಬೆಂಚಿನ ಮೇಲೆ ಭೀಮೇಶ್, ಲಕ್ಷ್ಮಿದೇವಮ್ಮ, ನಾನು. ಉಮಾಳನ್ನು ಒಳಗೆ ಕರೆದರು. ಲೇಖಕನನ್ನು ಯಾರು ತಡೆಯುತ್ತಾರೆಂದು ನಾನೂ ಹಿಂದೆ ನುಗ್ಗಿದೆ. ಅವಳೇ ತಡೆದಳು.

“ನೀವೂ ಹೊರಗೇ ಇರಿ ಸಾರ್.”

ಬಾಗಿಲು ಮುಚ್ಚಿತು. ಒಳಗೆ ಏನು ಮಾತಾಯಿತೋ ಗೊತ್ತಿಲ್ಲ. ನನ್ನದೇ ಕಥೆ, ನನಗೇ ಗೊತ್ತಿಲ್ಲ. ಭೀಮೇಶ್ ಸೂಜಿ ಚುಚ್ಚಿಸಿಕೊಂಡು ಉಬ್ಬಿದ ತೋಳಿನ ನರವನ್ನು ಸವರಿಕೊಳ್ಳುತ್ತಿದ್ದ. ಅವನಿಗೆ ಬದುಕುವ ಆಸೆ. ಅದನ್ನು ಹೊಲಸು ಮಾಡಿ ಬರೆಯಲು ನನ್ನಿಂದ ಆಗಲಿಲ್ಲ.

೬

ಉಮಾ ಹೊರಬಂದಳು.

“ನಂದು ಆಗಲ್ವಂತೆ.”

ಭೀಮೇಶ್ ಗೋಡೆ ನೋಡುತ್ತಾ ಮುಂದೇನು ಎಂದ. ಲಕ್ಷ್ಮಿದೇವಮ್ಮ ಸೆರಗಿನಲ್ಲಿ ಮೂಗೊರೆಸಿಕೊಂಡು, ಎಲ್ಲರಿಗೂ ಕೇಳುವಷ್ಟು ಜೋರಾಗಿಯೇ ಹೇಳಿದರು: “ನಂಗ್ ಗೊತ್ತಿತ್ತು. ಮದ್ವೆ ದಿನದಿಂದ್ಲೂ ಇವ್ಳಲ್ಲಿ ಏನೋ ಒಂದ್ ಐಬು ಇದ್ದೇ ಇತ್ತು.”

ತಾಯಿ ಮಗ ಆಟೋ ಹತ್ತಿದರು. ನಾನು ಉಮಾಳ ಹಿಂದೆ ಮೆಟ್ಟಿಲಿಳಿಯುತ್ತಾ ಪಿಸುಗುಟ್ಟಿದೆ. ಅದು ಡಾಕ್ಟರು ಹೇಳಿಸಿದ ಸುಳ್ಳು ತಾನೇ, ನನಗಾದರೂ ಹೇಳಬಹುದಲ್ಲ, ಓದುಗರು ಕಾಯುತ್ತಿದ್ದಾರೆ ಎಂದೆ.

ಸ್ಕೂಟರಿನ ಪಕ್ಕ ಹೆಲ್ಮೆಟ್ ಹಿಡಿದು ನಿಂತಳು.

“ಆಗಲ್ವಂತೆ ಅಂದೆ. ನಿಂಗೇನಾಗಿದೆ ಅಂತ ಒಬ್ರೂ ಕೇಳ್ಲಿಲ್ಲ. ಅವ್ರು ಬಿಡಿ. ನೀವೂ ಕೇಳ್ಲಿಲ್ಲ ಸಾರ್.”

ಆಗ ಕೇಳಿದೆ. ಅವಳು ಹೆಲ್ಮೆಟ್ ಹಾಕಿಕೊಂಡು ಬನಶಂಕರಿ ಕಡೆ ಗಾಡಿ ತಿರುಗಿಸಿದಳು. ಲ್ಯಾಬಿನಲ್ಲಿ ಇಲಿಗಳಿಗೆ ಆಹಾರ ಹಾಕುವ ಹೊತ್ತಾಗಿತ್ತು.

೭

ಸುಳ್ಳಾಗಿದ್ದರೆ ಅವಳು ಪಾರಾದಳು. ನಿಜವಾಗಿದ್ದರೆ ಅವಳೂ ರೋಗಿ, ಕತ್ರಿಗುಪ್ಪೆಯ ಮನೆಯಲ್ಲಿ ಒಬ್ಬಳೇ. ಎರಡನ್ನೂ ಬರೆಯಬಲ್ಲೆ, ಬರೆಯುವುದಿಲ್ಲ. ಬೆಂಚಿನ ಮೇಲಿದ್ದ ನನ್ನನ್ನು ಬೈದುಕೊಳ್ಳುತ್ತಿದ್ದೀರಿ, ಬೈಯಿರಿ.

ಆದರೆ ಆ ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ನೀವೂ ಇದ್ದಿರಿ. ಅವಳು ಆಗಲ್ವಂತೆ ಎಂದಾಗ ನೀವು ಏನು ಕೇಳಿದಿರಿ?