ಕಟ್ ಅನ್ನುವ ಹಕ್ಕು

ನನ್ನ ತಲೆ ಕಡಲೆಕಾಳಿನಷ್ಟು. ಅದಕ್ಕೊಂದು ಸ್ಪಂಜಿನ ಟೊಪ್ಪಿಗೆ, ಬಟ್ಟೆ ಕಚ್ಚಿ ಹಿಡಿಯಲು ಒಂದು ಕ್ಲಿಪ್ಪು, ಉದ್ದದ ಕರೀ ವೈರು, ವೈರಿನ ತುದಿಗೆ ಸೊಂಟಕ್ಕೆ ಸಿಕ್ಕಿಸುವ ಒಂದು ಡಬ್ಬಿ. ಜನ ನನ್ನನ್ನು ಕಾಲರ್ ಮೈಕು ಅನ್ನುತ್ತಾರೆ. ನನ್ನ ಜೊತೆಗೇ ಹುಟ್ಟಿದ ಇನ್ನೊಂದು ಡಬ್ಬಿಯುಂಟು. ನಾನು ಕೇಳಿಸಿಕೊಂಡದ್ದು ತಂತಿಯಿಲ್ಲದೆ ಅದಕ್ಕೆ ಹೋಗುತ್ತದೆ. ಅದು ಒಂದು ಪ್ರತಿಯನ್ನು ತನ್ನಲ್ಲೇ ಉಳಿಸಿಕೊಂಡು ಹೆಡ್‌ಫೋನ್ ಹಾಕಿಕೊಂಡವನ ಕಿವಿಗೆ ಕಳಿಸುತ್ತದೆ.

ಎಲ್ಲಿ ಹುಟ್ಟಿದೆನೋ ಗೊತ್ತಿಲ್ಲ. ಉದ್ದನೆಯ ಮೇಜು, ಸಾಲಾಗಿ ಕೂತ ಹೆಂಗಸರು, ಬೆಸುಗೆಯ ಹೊಗೆ, ಇಷ್ಟು ನೆನಪಿದೆ. ನನ್ನ ವೈರಿಗೆ ಬೆಸುಗೆ ಹಾಕಿದವಳು ಕೈ ನಡುಗಬಾರದೆಂದು ಉಸಿರು ಬಿಗಿಹಿಡಿದಿದ್ದಳು. ನಾನು ಲೋಕದಲ್ಲಿ ಮೊದಲು ಕೇಳಿದ ಸದ್ದು ಅವಳು ಆ ಉಸಿರನ್ನು ಬಿಟ್ಟದ್ದು. ಹಿಂದೆ ನಿಂತ ಗಂಡಸೊಬ್ಬ ಏನೋ ಗದರಿದ. ಅವಳು ಮತ್ತೆ ಬಿಗಿಹಿಡಿದಳು.

ಬಾಯಿಗಿಂತ ಎದೆಗೆ ಹತ್ತಿರ ನನ್ನ ಜಾಗ. ಹಾಗಾಗಿ ಮಾತು ಹೊರಡುವ ಮೊದಲೇ ನನಗೆ ಗುಂಡಿಗೆ ಕೇಳಿಸುತ್ತದೆ. ಇದು ವರವಲ್ಲ. ಮಾತಿನಲ್ಲಿ ಸುಳ್ಳು ಬೆರೆಸಬಹುದು, ಗುಂಡಿಗೆಯಲ್ಲಿ ಆಗುವುದಿಲ್ಲ. ಹೆದರಿದವರ ಎದೆಯ ಮೇಲೆ ಕೂತು ಕೂತು ನಾನೂ ಹೆದರುಪುಕ್ಕಲನಾದೆ.

ನನ್ನ ಮೊದಲ ಯಜಮಾನ ಗದುಗಿನ ಒಂದು ಚಿಕ್ಕ ಕೇಬಲ್ ಚಾನೆಲ್ಲಿನ ವರದಿಗಾರ. ಒಂದು ಬೆಳಿಗ್ಗೆ ರಸ್ತೆ ಅಗಲ ಮಾಡುವವರು ಹತ್ತಿಪ್ಪತ್ತು ಗುಡಿಸಲು ಕೆಡವಿದ್ದರು. ಒಲೆಯ ಮುಂದೆ ಕೂತಿದ್ದ ಒಬ್ಬಳ ಸೆರಗಿಗೆ ನನ್ನನ್ನು ಸಿಕ್ಕಿಸಿ ಅವನು ಕೇಳಿದ:

"ಹೆಂಗ ಅನ್ನಸಾಕತ್ತೈತಿ ಯವ್ವಾ?"

"ಅನ್ನಕ್ಕ ಇಟ್ಟಿದ್ದೆ" ಅಂದಳು ಆಕೆ.

"ಹಂಗಲ್ಲಬೇ, ಸ್ವಲ್ಪ ಅತ್ಕೋಂತ ಹೇಳು. ಹಿಂಗ ಹೇಳಿದ್ರ ಮಂದಿಗೆ ತಿಳಿಯಂಗಿಲ್ಲ."

ಅವಳ ಗುಂಡಿಗೆ ಗೋಡೆಗೆ ಹಾರೆ ಬಿದ್ದಂತೆ ಬಡಿಯುತ್ತಿತ್ತು. ಅದು ಸುದ್ದಿಯಲ್ಲಿ ಬರಲಿಲ್ಲ. ಪಕ್ಕದಲ್ಲಿ ಜೋರಾಗಿ ಅತ್ತವಳದ್ದು ಬಂತು. ಸಂಕಟಕ್ಕೂ ಒಂದು ಪರೀಕ್ಷೆಯಿದೆ, ಅದರಲ್ಲಿ ಪಾಸಾಗದವರ ಸಂಕಟ ಯಾರಿಗೂ ಬೇಡ ಎಂದು ನಾನು ಕಲಿತದ್ದು ಅವತ್ತು.

ಚಾನೆಲ್ಲು ಮುಚ್ಚಿತು. ಕಪಾಟು, ಕುರ್ಚಿ, ಒಂದು ಹಳೇ ಕ್ಯಾಮೆರಾದ ಜೊತೆ ನಾನೂ ಅದೇ ಊರಿನ ಕಾಲೇಜೊಂದರ ಪತ್ರಿಕೋದ್ಯಮ ವಿಭಾಗಕ್ಕೆ ಹೋದೆ. ವಿಭಾಗವೆಂದರೆ ಒಂದು ಕೋಣೆ. ಅಲ್ಲಿ ನನ್ನನ್ನು ನೋಡಿಕೊಳ್ಳುವ ಕೆಲಸ ಮೌನೇಶನಿಗೆ ಬಂತು. ಮೆತ್ತನೆಯ ಹುಡುಗ, ನನ್ನ ಟೊಪ್ಪಿಗೆಯ ಧೂಳನ್ನು ಊದಿ ತೆಗೆಯುತ್ತಿದ್ದ. ಹೆಡ್‌ಫೋನ್ ಏರಿಸಿದನೆಂದರೆ ಮಾತ್ರ ಪಕ್ಕದಲ್ಲಿ ಸಿಡಿಲು ಬಿದ್ದರೂ "ಲೆವೆಲ್ ಜಾಸ್ತಿ ಆತು" ಅನ್ನುವವನು.

ಕೊನೆಯ ವರ್ಷದವರಿಗೆ ಒಂದು ಕೆಲಸ ಕೊಟ್ಟರು: ಥ್ರಿಲ್ಲರ್ ಸಿನಿಮಾ ಒಂದರ ಮೊದಲ ನಾಲ್ಕು ನಿಮಿಷ ಮಾತ್ರ ತೆಗೆಯಬೇಕು. ಮೌನೇಶನ ಗುಂಪಿನಲ್ಲಿ ನಾಲ್ಕು ಜನ. ಕ್ಯಾಮೆರಾಕ್ಕೆ ಅಲ್ತಾಫ. ಡೈರೆಕ್ಟರ್ ಅಂತ ತನ್ನನ್ನು ತಾನೇ ಆರಿಸಿಕೊಂಡ ಸಂಕೇತ. ಮತ್ತೆ ಬೆಟಗೇರಿಯಿಂದ ದಿನಾ ನಡೆದು ಬರುತ್ತಿದ್ದ ಹುಲಿಗೆಮ್ಮ. ನಾಲ್ವರಲ್ಲಿ ಬರೆಯಲು ಬರುತ್ತಿದ್ದದ್ದು ಅವಳೊಬ್ಬಳಿಗೇ.

ಕ್ಯಾಂಟೀನಿನ ಬೆಂಚಿನ ಮೇಲೆ ಯೋಜನೆ ನಡೆಯಿತು. ಮೌನೇಶ ನನ್ನನ್ನು ಪರೀಕ್ಷಿಸಲೆಂದು ಅಂಗಿಗೆ ಸಿಕ್ಕಿಸಿಕೊಂಡಿದ್ದ.

"ಬಸ್‌ಸ್ಟ್ಯಾಂಡಿನ ವಿಚಾರಣೆ ಕೌಂಟರಿನಾಗ ಒಬ್ಬಾಕಿ ಕುಂತಾಳ" ಎಂದು ಹುಲಿಗೆಮ್ಮ ತನ್ನ ವಹಿ ತೆರೆದು ಹೇಳಿದಳು. "ಒಬ್ಬಾಂವ ಬಂದು, ನಾಳಿನ ಮುಂಜಾನಿ ಬಸ್ಸಿನಾಗ ಯಾರ್‍ಯಾರು ಕುಂಡ್ರತಾರಂತ ಒಂದೊಂದ ಹೆಸರು ಹೇಳಿ ಹೋಗ್ತಾನ. ಕಡೀ ಹೆಸರು ಆಕೀದ."

"ಚಲೋ ಐತಿ. ಆದ್ರ ಸಾಯಾಕಿ ಎಲ್ಲಿ?" ಅಂದ ಸಂಕೇತ.

"ಹೆಣ್ಣು ಮೊದಲನೇ ಸೀನಿಗೇ ಸಾಯಬೇಕೇನು?"

"ಹುಲಿಗಿ, ಹೆಣ್ಣು ಚೀರಿದ್ರ ಮಂದಿ ತಿರುಗಿ ನೋಡ್ತಾರ. ಗಂಡಸು ಚೀರಿದ್ರ ಹಲ್ಲುನೋವೇನೋ ಅಂತಾರ."

ಎಲ್ಲರೂ ನಕ್ಕರು. ಅವಳೂ ನಕ್ಕಳು. ಅವಳ ವಹಿ ಮುಚ್ಚಿತು. ಸಂಕೇತನ ಕತೆ ಗೆದ್ದಿತು: ಮುಚ್ಚಿದ ಕಬ್ಬಿಣದ ಬಾಗಿಲು, ಬುಡದ ಸಂದಿನಿಂದ ಬೆಳಕು ಮತ್ತು ಹೊಗೆ, ಒಳಗಿನಿಂದ ಕಾಣದ ಹುಡುಗಿಯ ದನಿ. ಕ್ಯಾಮೆರಾ ಹೊರಗೆ ನಿಂತು ನಾಲ್ಕು ನಿಮಿಷ ಆ ಬಾಗಿಲನ್ನೇ ನೋಡುತ್ತಾ ಇಂಚಿಂಚಾಗಿ ಹತ್ತಿರ ಹೋಗಬೇಕು. ಒಂದೇ ಶಾಟು. ಬರೆಯುವವಳಾಗಿ ಬಂದ ಹುಲಿಗೆಮ್ಮ ಬಾಗಿಲ ಹಿಂದಿನ ದನಿಯಾದಳು.

ಜಾಗ ಸಿಕ್ಕಿತು. ಊರ ಹೊರಗಿನ ಹಳೇ ಹತ್ತಿ ಜಿನ್ನಿಂಗ್ ಕಾರ್ಖಾನೆ, ಮುಚ್ಚಿ ಎಷ್ಟೋ ಕಾಲವಾಗಿತ್ತು. ಅರಳೆ ತುಂಬಿಡುತ್ತಿದ್ದ ಕೋಣೆಗೆ ಕಿಟಕಿಯಿಲ್ಲ, ದಪ್ಪ ಕಬ್ಬಿಣದ ಬಾಗಿಲು, ಹೊರಗಡೆಗೆ ಚಿಲಕ. ಮೂಲೆಯಲ್ಲಿ, ಜಂತಿಯ ಮೇಲೆ, ಹಳೇ ಅರಳೆಯ ಎಳೆಗಳು ಇನ್ನೂ ಅಂಟಿಕೊಂಡಿದ್ದವು. ಚಾವಣಿಯಲ್ಲಿ ಒಂದು ಹಂಚು ಹೋಗಿತ್ತು. ಮಧ್ಯಾಹ್ನ ಹನ್ನೆರಡೂವರೆಯಿಂದ ಇಪ್ಪತ್ತು ನಿಮಿಷ ಮಾತ್ರ ಆ ತೂತಿನ ಬಿಸಿಲು ಬಾಗಿಲ ಬುಡಕ್ಕೆ ಬೀಳುತ್ತಿತ್ತು. ಹೊಗೆಯಿದ್ದರೆ ಬಿಸಿಲು ಚಂದ ಕಾಣುತ್ತದೆಂದು ಒಂದು ಕಬ್ಬಿಣದ ಬುಟ್ಟಿಯಲ್ಲಿ ಕೆಂಡ ಹಾಕಿ, ಮೇಲೆ ಒದ್ದೆ ತೆಂಗಿನ ನಾರು, ಲೋಬಾನ ಸುರಿದರು.

ಮೊದಲ ದಿನ ಎರಡು ನಿಮಿಷವಾಗುವಷ್ಟರಲ್ಲಿ ಹುಲಿಗೆಮ್ಮನಿಗೆ ಕೆಮ್ಮು ಒತ್ತಿತು. "ಕಟ್, ಕಟ್" ಅಂದಳು. ಅಲ್ತಾಫ ಕ್ಯಾಮೆರಾ ನಿಲ್ಲಿಸಿದ. ಮತ್ತೆ ಹೊಗೆ ಎಬ್ಬಿಸುವುದರೊಳಗೆ ಬಿಸಿಲು ಗೋಡೆ ಹತ್ತಿತ್ತು. ಸಂಕೇತ ಕಿಡಿಕಿಡಿಯಾದ.

"ಕಟ್ ಅನ್ನಾಂವ ಡೈರೆಕ್ಟರ್ ಒಬ್ಬನ. ನಾಳೆ ಆಕಿ ಒಳಗ ಏನರ ಅನ್ಲಿ, ಯಾವನೂ ನಿಲ್ಲಸಂಗಿಲ್ಲ. ಕೇಳಿಸ್ತಾ?"

ಮಿಕ್ಕ ಹುಡುಗರಿಬ್ಬರೂ ಹೂಂ ಅಂದರು. ಹುಲಿಗೆಮ್ಮನೂ ಅಂದಳು. ಅವಳ ಎದೆಯ ಮೇಲಿದ್ದ ನನಗೆ ಆ ಹೂಂ ಹಿಡಿಸಲಿಲ್ಲ.

ಎರಡನೇ ದಿನ ಕೆಂಡ ಜಾಸ್ತಿ ಹಾಕಿದರು. ಬಾಗಿಲು ಮುಚ್ಚಿತು, ಚಿಲಕ ಬಿತ್ತು. ಅವಳ ಮಾತು ಶುರುವಾಯಿತು, ಸಂಕೇತ ಬರೆದುಕೊಟ್ಟದ್ದು.

"ಬಾಗಲಾ ತಗೀರಿ... ಯಾರರ ಅದೀರೇನ್ರಿ... ಉಸರ ಕಟ್ಟಾಕತ್ತೈತಿ..."

ಗುಂಡಿಗೆ ಸಮವಾಗಿತ್ತು. ದನಿ ಮಾತ್ರ ನಡುಗುತ್ತಿತ್ತು. ಹುಡುಗಿ ಚೆನ್ನಾಗಿ ನಟಿಸುತ್ತಾಳೆ ಅಂದುಕೊಂಡೆ.

ಆಮೇಲೆ ಹೊಗೆಯ ಬಣ್ಣ ಬದಲಾಯಿತು. ಅದು ನನಗೆ ಅವಳ ಉಸಿರಿನಲ್ಲಿ ತಿಳಿಯಿತು. ನಾರು ಒಣಗಿ ಒಂದು ಕಿಡಿ ಚಟ್ಟನೆ ಹಾರಿತು. ಮೂಲೆಯ ಅರಳೆಯಲ್ಲಿ ಇರುವೆ ಹರಿದಂತೆ ಸಣ್ಣ ಸದ್ದು. ಹತ್ತಿ ಉರಿಯುವುದಕ್ಕಿಂತ ಮೊದಲು ಒಳಗೊಳಗೇ ಹೊಗೆಯಾಡುತ್ತದೆ. ಅವಳ ಗುಂಡಿಗೆ ಒಮ್ಮೆ ನಿಂತಂತಾಗಿ, ಕಟ್ಟಿಹಾಕಿದ ಕುದುರೆಯ ಹಾಗೆ ಒದೆಯತೊಡಗಿತು.

"ಸಂಕೇತ, ಬಾಗಲಾ ತಗೀ! ಹತ್ತಿಗೆ ಬೆಂಕಿ ಹತ್ತಾಕತ್ತೈತಿ!"

ಯಾರೂ ಬರಲಿಲ್ಲ.

"ನಿಜವಾಗ್ಲೂ ಉಸರ ಕಟ್ಟಾಕತ್ತೈತ್ರೋ!"

ಬರೆದುಕೊಟ್ಟದ್ದರಲ್ಲೂ ಅದೇ ಮಾತಿತ್ತು! ಪ್ರಾಣ ಹೋಗುವಾಗ ಅನ್ನಬೇಕಾದ ಮಾತನ್ನೆಲ್ಲ ಆ ಹಾಳೆ ಮೊದಲೇ ನುಂಗಿ ಕೂತಿತ್ತು. ಅವಳಿಗೆ ಉಳಿದದ್ದು ಒಂದೇ.

"ಕಟ್! ಲೇ ಮೌನ್ಯಾ, ಕಟ್ ಅನ್ನಾಕತ್ತೀನಲ್ಲೋ! ಕಟ್!"

ಆ ಮಾತಿನ ಹಕ್ಕನ್ನು ಹಿಂದಿನ ದಿನವೇ ಕಸಿದುಕೊಂಡಿದ್ದರು.

ಅವಳು ಬಾಗಿಲು ಗುದ್ದಿದಳು. ನಾನು ಪ್ರತಿಯೊಂದನ್ನೂ ಕಳಿಸಿದೆ, ಗುದ್ದು, ಕೆಮ್ಮು, ಬಳೆ ಒಡೆದದ್ದು, ಗುಂಡಿಗೆಯನ್ನು ಕೂಡ. ಇಷ್ಟು ಸ್ಪಷ್ಟವಾಗಿ ನಾನು ಯಾವತ್ತೂ ಕೆಲಸ ಮಾಡಿರಲಿಲ್ಲ. ನಾನು ಚೆನ್ನಾಗಿ ಕೆಲಸ ಮಾಡಿದಷ್ಟೂ ಅವಳು ಸಾವಿಗೆ ಹತ್ತಿರವಾಗುತ್ತಿದ್ದಳು. ಅದು ತಿಳಿದಾಗ ನನ್ನ ಕಡಲೆಕಾಳಿನಷ್ಟು ತಲೆ ಸಿಡಿಯಬಾರದೇ ಅನ್ನಿಸಿತು.

ಅವಳು ನೆಲಕ್ಕೆ ಕುಸಿದಳು. ಬಾಗಿಲ ಸಂದಿಗೆ ಮೂಗು ಹಚ್ಚಿ ಎರಡು ಸಲ ಉಸಿರೆಳೆದಳು. ಎರಡನೆಯ ಉಸಿರಿಗೆ ಅವಳಿಗೇನೋ ಹೊಳೆಯಿತು. ಕೂಗುವುದನ್ನು ಬಿಟ್ಟು, ಸೊಂಟಕ್ಕೆ ಕೈ ಹಾಕಿ, ತಡಕಾಡಿ, ನನ್ನ ಡಬ್ಬಿಯ ಗುಂಡಿ ಒತ್ತಿದಳು.

ನಾನು ಆರಿಹೋದೆ.

ಮತ್ತೆ ಜೀವ ಬಂದಾಗ ಮೂರು ದಿನ ಕಳೆದಿತ್ತು. ಎಡಿಟಿಂಗ್ ಕೋಣೆಯ ಮೇಜು. ಹೊಗೆಗೆ ಕೆಟ್ಟಿರಬಹುದೆಂದು ಮೌನೇಶ ನನ್ನನ್ನು ಹಚ್ಚಿ ನೋಡುತ್ತಿದ್ದ. ಹುಲಿಗೆಮ್ಮ ಅಲ್ಲಿದ್ದಳು. ದನಿ ಒಡೆದ ಗಡಿಗೆಯಂತಾಗಿತ್ತು, ಆದರೆ ಇದ್ದಳು. ಕ್ಯಾಮೆರಾಕ್ಕೂ ತನ್ನದೇ ಒಂದು ಕಿವಿಯಿರುತ್ತದೆ; ಅದು ಹಿಡಿದದ್ದನ್ನು ಸಾಮಾನ್ಯವಾಗಿ ಅಳಿಸಿಬಿಡುತ್ತಾರೆ. ಅಳಿಸುವ ಮೊದಲು ಒಮ್ಮೆ ಹಾಕಿ ಅಂದಳು ಅವಳು. ಬಾಗಿಲ ಹೊರಗೆ ಏನಾಗಿತ್ತೆಂದು ನನಗೆ ಗೊತ್ತಾದದ್ದು ಆಗಲೇ.

"ಏನ್ ಆ್ಯಕ್ಟಿಂಗಲೇ! ಬೆಂಕಿ!" ಇದು ಸಂಕೇತ.

"ನನ್ನ ಹೆಸರ ಹಿಡದು ಕರೀತಾಳಲ್ಲೋ" ಎಂದು ಮೌನೇಶನ ದನಿ.

"ಕರೀಲಿ ಬಿಡು, ಆಮ್ಯಾಲ ಕಟ್ ಮಾಡಿ ತಗದ್ರಾತು. ಬಿಸಲು ಹೋಗತೈತಿ, ಸುಮ್ನಿರು."

"ಕಟ್ ಅನ್ನಾಕತ್ತಾಳೋ" ಅಂದ ಅಲ್ತಾಫ.

"ಆಕೀಗೇನ್ ಹಕ್ಕೈತಿ?" ನಗು. ಮೂರೂ ಜನರ ನಗು.

"ಅದೇನೋ ದಬದಬ ಅಂತೈತಿ, ತಳದ ಸದ್ದು ತಗದೀನಿ, ಈಗ ಕ್ಲೀನ್" ಮತ್ತೆ ಮೌನೇಶ. ಅವನು ತೆಗೆದುಹಾಕಿದ ಆ ದಬದಬ ಅವಳ ಗುಂಡಿಗೆ.

ಆಮೇಲೆ ಒಮ್ಮೆಲೇ: "ಏ, ಸಿಗ್ನಲ್ ಹೋತು! ಏನೂ ಕೇಳವಲ್ದು!" "ಅಯ್ಯೋ, ಟೇಕ್ ಹೋತಲೇ! ತಗೀ, ತಗೀ ಬಾಗಲಾ!" ಓಡುವ ಹೆಜ್ಜೆ, ಚಿಲಕ, ಗುಪ್ಪನೆ ಹೊರಬಿದ್ದ ಹೊಗೆಗೆ ಕೆಮ್ಮು. ಹೊಸ್ತಿಲಲ್ಲಿ ಬಿದ್ದಿದ್ದವಳನ್ನು ಅವರು ಕೇಳಿದ ಮೊದಲ ಪ್ರಶ್ನೆ ಕ್ಯಾಮೆರಾದಲ್ಲಿ ಹಾಗೇ ಇತ್ತು:

"ಮೈಕಿಗೇನಾತು?"

ಹುಡುಗಿಯ ದನಿ ಕೇಳುತ್ತಿದ್ದಾಗ ಬಾರದವರು ದನಿ ನಿಂತಾಗ ಓಡಿ ಬಂದಿದ್ದರು, ನನಗಾಗಿ. ಅಂಗಡಿಯಲ್ಲಿ ಸಿಗುವ ಒಂದು ಡಬ್ಬಿಗಾಗಿ!

ಸಂಕೇತ ಅವಳ ಕಡೆ ತಿರುಗಿದ. "ಆತು, ತಪ್ಪಾತು ಹುಲಿಗಿ. ಕಾಲು ಬೇಕಂದ್ರ ಹಿಡೀತೀನಿ. ಆದ್ರ ಒಳಗಿನ ನಿನ್ನ ವಾಯ್ಸು, ಅಂಥಾದ್ದು ಮತ್ತ ಸಿಗಂಗಿಲ್ಲ. ಅದನ್ನಿಟಕೊಂಡು ಹೊರಗಿಂದು ಅಳಿಸೋಣು."

"ನನ್ನ ಉಸರು ಬೇಕು, ನಿಮ್ಮ ನಗಿ ಬ್ಯಾಡ?"

"ಏ, ಅದು ನಮ್ಮ ಮರ್ಯಾದಿ ಪ್ರಶ್ನೆ."

"ಒಳಗಿದ್ದದ್ದು ನನ್ನ ಜೀವದ ಪ್ರಶ್ನೆ. ಎರಡೂ ಇದ್ರ ಸಿನಿಮಾ. ಇಲ್ಲಾಂದ್ರ ಎರಡೂ ಅಳಸ್ರಿ, ನಾ ಹೋಗ್ತೀನಿ. ನಿಮ್ಮ ಶಾಟಿನಾಗ ಬರೇ ಬಾಗಲಾ ಉಳೀತೈತಿ."

ಸಂಕೇತ ಮೌಸಿಗೆ ಕೈ ಹಾಕಿದ. ಮೌನೇಶ ಆ ಕೈ ಹಿಡಿದುಕೊಂಡ. ಅವನು ಅಳುತ್ತಿದ್ದ, ನಿಜವಾದ ಅಳು, ಅಂಥದ್ದಕ್ಕೆ ಲೆವೆಲ್ಲು ಬಹಳ ಕಡಿಮೆ. ಎದ್ದು ತನ್ನ ಕುರ್ಚಿಯನ್ನು ಅವಳ ಕಡೆಗೆ ತಳ್ಳಿದ. "ನೀನ ಕುಂಡ್ರು" ಅಂದ. ತಾನು ತೆಗೆದುಹಾಕಿದ್ದ ತಳದ ಸದ್ದು ನನ್ನ ಜೊತೆಗಾರ ಡಬ್ಬಿಯ ಮೂಲ ದಾಖಲೆಯಲ್ಲಿ ಉಳಿದಿತ್ತು. ಅದನ್ನೂ ಹುಡುಕಿ ಕೊಟ್ಟ.

ಕಾಲೇಜಿನ ಸಭಾಂಗಣದಲ್ಲಿ ಪ್ರದರ್ಶನವಾಯಿತು. ಪರಿಚಯದ ನಾಲ್ಕು ಮಾತಾಡಲು ಹುಲಿಗೆಮ್ಮ ವೇದಿಕೆ ಹತ್ತಿದಳು, ನಾನು ಅವಳ ಎದೆಯ ಮೇಲಿದ್ದೆ. ದೀಪ ಆರಿತು. ಪರದೆಯ ಮೇಲೆ ಒಂದು ಬಾಗಿಲು, ಬುಡದಲ್ಲಿ ಬೆಳಕು, ಹೊಗೆ. ಒಳಗಿನಿಂದ ಅವಳ ದನಿ, ಹೊರಗಿನಿಂದ ಅವರ ನಗು, ಎರಡರ ಕೆಳಗೆ ಗುಂಡಿಗೆ. "ಆಕೀಗೇನ್ ಹಕ್ಕೈತಿ" ಎಂಬಲ್ಲಿ ಸಭಾಂಗಣದ ಹುಡುಗರೂ ನಕ್ಕರು. ನನ್ನ ಕೆಳಗಿದ್ದ ಎದೆ ಕಲ್ಲಾಯಿತು. ಮತ್ತದೇ ಕೋಣೆ, ಮತ್ತದೇ ಹೊಗೆ, ಹೊರಗೆ ಮೂವರಲ್ಲ, ಮುನ್ನೂರು ಜನ.

ಆಗ ಹಿಂದಿನಿಂದ ಒಂದು ಕೂಗು ಬಂತು. ಕಾಲೇಜಿಗೆ ಚಹಾ ಕೊಡುವ ದ್ಯಾಮವ್ವ.

"ಬಾಗಲಾ ತಗೀರ್‍ಯೋ ನಿಮ್ಮ ಬಾಯಾಗ ಮಣ್ಣ ಹಾಕ! ಸಾಯಾಕತ್ತಾಳ ಆಕಿ!"

"ಏ ಯವ್ವಾ, ಕುಂಡ್ರಬೇ, ಸಿನಿಮಾ ಅದು" ಎಂದ ಯಾರೋ.

"ಸಿನಿಮಾನ ಇರವಲ್ದ್ಯಾಕ! ತಗದು ನೋಡಿದ್ರ ನಿಮ್ಮಪ್ಪನ ಗಂಟೇನ ಹೋಗತೈತಿ?"

ನಗು ಅಲ್ಲಿಗೇ ನಿಂತಿತು. ಹುಲಿಗೆಮ್ಮನ ಎದೆ ಮೆಲ್ಲಗೆ ಇಳಿಯಿತು. ಆ ಒಂದು ದಿನ ನನಗೆ ಹೆದರಿಕೆಯಾಗಲಿಲ್ಲ.

ಅವರೆಲ್ಲ ಓದು ಮುಗಿಸಿ ಹೋದರು. ನನ್ನೊಳಗಿನ ಬ್ಯಾಟರಿ ಸೋರಿ ತುಕ್ಕು ಹಿಡಿಯಿತು, ಕ್ಲಿಪ್ಪಿನ ಹಲ್ಲು ಮುರಿಯಿತು. ಈಗ ವಿಭಾಗದ ಮೇಜಿನ ಖಾನೆಯಲ್ಲಿ, ಬತ್ತಿದ ಪೆನ್ನುಗಳ ಜೊತೆ ಬಿದ್ದಿದ್ದೇನೆ. ನಾನು ಕೇಳಿದ್ದು ಇನ್ನು ಯಾರ ಕಿವಿಗೂ ಹೋಗುವುದಿಲ್ಲ.

ಆದರೂ, ಗುಂಡಿ ಒತ್ತಿದರೆ ಆರಿಹೋಗುತ್ತಿದ್ದವನು ಈಗ ಬ್ಯಾಟರಿ ಸತ್ತ ಮೇಲೂ ಹೇಗೋ ಕೇಳುತ್ತಿರುತ್ತೇನೆ. ಪ್ರತಿವರ್ಷ ಹೊಸಬರು ಬರುತ್ತಾರೆ, ಥ್ರಿಲ್ಲರಿನ ಆರಂಭ ಮಾಡುತ್ತಾರೆ, ಪ್ರತಿವರ್ಷ ಮೊದಲನೇ ಸೀನಿಗೆ ಒಬ್ಬ ಹುಡುಗಿಯನ್ನು ಕೂಗಿಸುತ್ತಾರೆ. ಪಕ್ಕದ ಕೋಣೆಯಲ್ಲಿ ತಾಲೀಮು ನಡೆಯುತ್ತದೆ. ಎದೆಯ ಮೇಲಿದ್ದಾಗ ನನಗೆ ನಟನೆ ಯಾವುದು, ನಿಜ ಯಾವುದು ತಿಳಿಯುತ್ತಿತ್ತು. ಗೋಡೆಯಾಚೆಯಿಂದ ಎರಡೂ ಒಂದೇ. ಕೂಗು ಮುಗಿದು, ಹುಡುಗಿ ನಕ್ಕು, "ಹೆಂಗಿತ್ರೋ?" ಅನ್ನುವವರೆಗೆ ನಾನು ಈ ಕತ್ತಲಲ್ಲಿ ಜೀವ ಬಿಗಿಹಿಡಿದು ಕಾಯುತ್ತೇನೆ.

ಈಗಷ್ಟೇ ಒಬ್ಬಳು ಕೂಗಿದಳು. ಹೊರಗೆ ಯಾರೋ "ಸೂಪರ್" ಅಂದರು.

ಅವಳಿನ್ನೂ ನಕ್ಕಿಲ್ಲ.